ಬಿಸಿಯೇರದ ಎಂಜಿನ್ನು

ಮೈಲೂರ, ಬೀದರ್

ನನ್ನವ್ವ,

ಗಾಡಿ ಎಮಿಷನ್ ಟೆಸ್ಟಿನಲ್ಲಿ ಫೇಲಾಯಿತು ಎಂದು ಫೋನಿನಲ್ಲಿ ಹೇಳಿದಾಗ ನೀನು ಎರಡು ಮಾತು ಅಂದೆ. “ಇನ್ನೂರು ರೂಪಾಯಿ ಹೆಚ್ಚಿಗಿ ಕೊಟ್ರ ಕಾಗದ ಕೊಡ್ತಾರ, ತೊಗೊಂಡು ಸುಮ್ನಿರವ್ವ” ಅನ್ನುವುದು ಒಂದು. “ಇಲ್ಲಂದ್ರ ಆ ಡಬ್ಬಾ ಗುಜರಿಗಿ ಹಾಕು, ಬ್ಯಾರೆ ಗಾಡಿ ನೋಡಮು” ಅನ್ನುವುದು ಇನ್ನೊಂದು. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ನಿನಗೆ ಆಫೀಸಿನ ಅವಸರ, ನನಗೆ ಒಲೆಯ ಮೇಲೆ ಹಾಲು. ಈಗ ಗಾಡಿ ಪಾಸಾಗಿದೆ. ಕಾಗದದ ಮೇಲಷ್ಟೇ ಅಲ್ಲ, ಖರೇನೇ ಪಾಸಾಗಿದೆ. ಅದು ಹೇಗಾಯಿತು, ಕಾಗದ ಕೊಂಡುಕೊಳ್ಳಲು ನನ್ನ ಕೈ ಯಾಕೆ ಮುಂದೆ ಹೋಗಲಿಲ್ಲ ಎಂಬುದನ್ನು ನಿನಗೆ ಪುರಸೊತ್ತಿನಿಂದ ಹೇಳಬೇಕು. ಎಡ ಮಗ್ಗುಲಿಗೆ ಮಲಗಿಕೊಂಡು ಓದು.

ಯಂತ್ರ ಕೊಟ್ಟ ಅಂಕಿ ಮೊದಲು. ಕಾರ್ಬನ್ ಮೊನಾಕ್ಸೈಡ್ ಶೇ 2.6, ಹೈಡ್ರೋಕಾರ್ಬನ್ 890 ಪಿಪಿಎಂ. ನಮ್ಮ ಮಾರುತಿ 800 ಗಾಡಿ 2009ರದು. ಬಿಎಸ್-2, ಬಿಎಸ್-3 ಎಂಬ ಹೊಗೆ ನಿಯಮಗಳ ಕಾಲದ ಪೆಟ್ರೋಲ್ ಕಾರು ನಿಂತಲ್ಲೇ ಓಡುವಾಗ ಮೊದಲನೆಯದು ಶೇ 0.5 ದಾಟಬಾರದು, ಎರಡನೆಯದು 750 ದಾಟಬಾರದು. ಬಿಎಸ್-2ಕ್ಕೂ ಹಿಂದಿನ ಮುದಿ ಕಾರುಗಳಿಗೆ ಶೇ 3ರವರೆಗೆ ಬಿಟ್ಟುಕೊಟ್ಟಿದ್ದಾರೆ. ಅಂದರೆ ನಮ್ಮ ಗಾಡಿ ತನಗಿಂತ ಒಂದು ತಲೆಮಾರು ಹಿಂದಿನ ಹೊಗೆ ಬಿಡುತ್ತಿತ್ತು. ಕಣ್ಣಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಸ್ಟಾರ್ಟ್ ಮಾಡಿದರೆ ಸದ್ದು ಸರಿ ಇತ್ತು, ಗಾಡಿ ಎಳೆಯುತ್ತಿತ್ತು, ಹಿಂದೆ ಕರಿ ಹೊಗೆಯೂ ಇರಲಿಲ್ಲ. ಸೈಲೆನ್ಸರಿನ ಬಾಯಿಯ ಒಳಗೆ ಬೆರಳಾಡಿಸಿದಾಗಷ್ಟೇ ಒಣ ಮಸಿ ಅಂಟುತ್ತಿತ್ತು.

ಅಲ್ಲಿದ್ದ ಹುಡುಗ ನಾನು ಗಾಬರಿಯಾದೆ ಅಂದುಕೊಂಡ. “ಟೆನ್ಶನ್ ತೊಗೋಬ್ಯಾಡ್ರಿ ಮೇಡಂ, ಬ್ಯಾರೆ ಗಾಡಿಗಿ ಪೈಪ್ ಹಾಕಿ ನಿಮ್ಮ ನಂಬರ್ ಹೊಡಿತೀನಿ” ಅಂದ. ಕೆಟ್ಟ ಹುಡುಗನಲ್ಲ. ದಿನವಿಡೀ ಬಂದವರೆಲ್ಲ ಅವನಿಂದ ಅದನ್ನೇ ಬಯಸಿದರೆ ಅವನಾದರೂ ಏನು ಮಾಡಬೇಕು? ನಾನು ಫೇಲಾದ ಚೀಟಿ ಕೊಡು ಎಂದೆ. ಅವನಿಗೆ ಆಶ್ಚರ್ಯವಾಯಿತು. ಆ ಚೀಟಿ ಕೇಳುವವರೇ ಇಲ್ಲವಂತೆ. 2021ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಡೀ ದೇಶಕ್ಕೆ ಒಂದೇ ನಮೂನೆಯ ಪಿಯುಸಿ, ಅಂದರೆ ಹೊಗೆ ಪರೀಕ್ಷೆಯ ಕಾಗದ, ತಂದಾಗ, ಫೇಲಾದ ಗಾಡಿಗೆ ತಿರಸ್ಕಾರದ ಚೀಟಿ ಕೊಡಬೇಕೆಂಬ ನಿಯಮವನ್ನೂ ತಂದಿತು. ಯಾವ ಅನಿಲ ಎಷ್ಟಿದೆ, ಮಿತಿ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಮಿಸ್ತ್ರಿಗೆ ತೋರಿಸಿದರೆ ಅರ್ಧ ಕೆಲಸ ಅಲ್ಲಿಯೇ ಆದಂತೆ. ನನ್ನ ಕೇಳಿದರೆ ಪಾಸಾದ ಕಾಗದಕ್ಕಿಂತ ಈ ಚೀಟಿಯ ಬೆಲೆ ದೊಡ್ಡದು. ಪಾಸಾದ ಕಾಗದ ಪೊಲೀಸರಿಗೆ ತೋರಿಸಲು ಬರುತ್ತದೆ, ಈ ಚೀಟಿ ಗಾಡಿಯ ಒಳಗೆ ಏನು ಕೆಟ್ಟಿದೆ ಎಂದು ಹೇಳುತ್ತದೆ.

ದಂಡಕ್ಕೆ ಹೆದರಿ ನಾನು ಇಷ್ಟು ಹಚ್ಚಿಕೊಂಡೆನೆಂದು ತಿಳಿಯಬೇಡ. 2019ರ ತಿದ್ದುಪಡಿಯಾದ ಮೇಲೆ ಕಾನೂನಿನಲ್ಲಿ ಅದು 10,000 ರೂಪಾಯಿವರೆಗೆ ಇದೆ, ನಿಜ. ಆದರೆ ಇಲ್ಲಿ ಮೈಲೂರ ಕ್ರಾಸಿನಿಂದ ಗಾಂಧಿ ಗಂಜಿಗೆ ಕಾಯಿಪಲ್ಯ ತರಲು ಹೋಗುವ ಮುದುಕಿಯನ್ನು ಯಾರು ತಡೆಯುತ್ತಾರೆ? ನನ್ನ ಚಿಂತೆ ಬೇರೆ. ಈ ಗಾಡಿಯಲ್ಲಿ ಇನ್ನು ಸ್ವಲ್ಪ ದಿನಕ್ಕೆ ನೀನು ಕೂಡುತ್ತೀ. ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆ ನೋವು ಶುರುವಾದರೆ ದವಾಖಾನೆಗೆ ಇದೇ ಗಾಡಿ ಒಯ್ಯಬೇಕು. ಎಂಟನೇ ತರಗತಿಗೆ ನಾನೇ ಕಲಿಸಿದ ಪಾಠವಿದು: ರಕ್ತದ ಹಿಮೊಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುತ್ತದೆ. ಹಿಡಿದದ್ದನ್ನು ಬೇಗ ಬಿಡುವುದಿಲ್ಲ. ಹೊಟ್ಟೆಯೊಳಗಿನ ಕೂಸಿನ ರಕ್ತವಂತೂ ತಾಯಿಯ ರಕ್ತಕ್ಕಿಂತ ನಿಧಾನವಾಗಿ ಬಿಡುತ್ತದೆ. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣುರಿಯೂ ಇಲ್ಲ. ನೀನು ಹೆದರಬೇಕಾಗಿಲ್ಲ. ಬಯಲಿನಲ್ಲಿ ಗಾಡಿ ಓಡುವಾಗ ಅದು ಗಾಳಿಯಲ್ಲಿ ಹರಡಿ ಹೋಗುತ್ತದೆ. ಆದರೆ ನಮ್ಮ ಗಾಡಿಯಂಥ ಹಳೆಯದರಲ್ಲಿ ಸೈಲೆನ್ಸರಿನ ಜೋಡಣೆ ಎಲ್ಲೋ ಸಡಿಲಾಗಿ, ತಳದ ರಬ್ಬರು ಹರಿದು, ಕಿಟಕಿ ಏರಿಸಿಕೊಂಡು ಕೂತಾಗ ಒಳಗೆ ಬರುವುದುಂಟು. ಶೇ 2.6 ಎಂದು ಯಂತ್ರ ತೋರಿಸಿದ ಗಾಡಿಯಲ್ಲಿ, ಬೇರೆ ಯಾವುದೋ ಗಾಡಿಯ ಅಂಕಿ ಬರೆದ ಕಾಗದ ಅಂಟಿಸಿ, ನಿನ್ನನ್ನು ಕೂಡಿಸಿಕೊಂಡು ಹೋಗಲು ನನ್ನ ಮನಸ್ಸು ಒಪ್ಪಲಿಲ್ಲ.

ಚಿಂತೆ ನಿನ್ನದೊಂದೇ ಅಲ್ಲ. ನೀನಿಲ್ಲದಾಗ ನಮ್ಮ ಓಣಿಯ ಹುಡುಗರು ನನಗೆ ಮೊಮ್ಮಕ್ಕಳಿದ್ದಂತೆ. ಗಾಡಿ ಹೊರಗೆ ತೆಗೆಯುವಾಗ ಗೋಲಿ ಆಡುತ್ತ ಅದರ ಹಿಂದೆಯೇ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ. ಕೊಳವೆಯ ಬಾಯಿ ಸರಿಯಾಗಿ ಅವರ ಮುಖದ ಮಟ್ಟಕ್ಕಿರುತ್ತದೆ.

ಕಾಗದ ಒಂದು ಹೇಳಿ ಗಾಡಿ ಇನ್ನೊಂದು ಮಾಡುವುದು ಬೀದರಿನ ರೋಗವಷ್ಟೇ ಅಲ್ಲವ್ವ. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್ ಕಂಪನಿಯ ಮೋಸವನ್ನು ಬಯಲಿಗೆಳೆದದ್ದು ನೆನಪಿರಬೇಕು. ಡೀಸೆಲ್ ಕಾರು ಪರೀಕ್ಷೆಯ ಯಂತ್ರದ ಮೇಲೆ ನಿಂತಿದೆಯೋ ರಸ್ತೆಯ ಮೇಲಿದೆಯೋ ಎಂದು ಗುರುತಿಸುವ ಸಾಫ್ಟ್‌ವೇರನ್ನೇ ಅವರು ಕೂಡಿಸಿದ್ದರು. ಪರೀಕ್ಷೆಯ ಹೊತ್ತಿಗೆ ಸಾಧು, ರಸ್ತೆಗೆ ಇಳಿದರೆ ಕೆಲವು ಕಾರುಗಳಲ್ಲಿ ನೈಟ್ರೋಜನ್ ಆಕ್ಸೈಡುಗಳು ಮಿತಿಯ ನಲವತ್ತು ಪಟ್ಟಿನವರೆಗೆ. ಲೋಕದಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಹೀಗೆ ಮಾಡಿದ್ದರು. ನಮ್ಮ ಕಡೆ ಕಾರ್ಬೊರೇಟರ್ ಗಾಡಿಗಳಿದ್ದಾಗ ಟೆಸ್ಟಿಗೆ ಮುಂಚೆ ಸ್ಕ್ರೂ ತಿರುವಿ ಪೆಟ್ರೋಲು ಕಡಿಮೆ ಮಾಡಿ, ಕಾಗದ ಸಿಕ್ಕ ಮೇಲೆ ವಾಪಸ್ ತಿರುವುತ್ತಿದ್ದರು. ದೊಡ್ಡ ಕಂಪನಿ ಕೋಟಿ ಖರ್ಚು ಮಾಡಿ ಮಾಡಿದ್ದೂ ಅದನ್ನೇ.

ಇನ್ನು ರಿಪೇರಿಯ ಮಾತು.

ಮೊದಲು ಹೋದ ಗ್ಯಾರೇಜಿನವನು ಚೀಟಿ ನೋಡಲೇ ಇಲ್ಲ. ಗಾಡಿಯ ಕೆಳಗೆ ಬಗ್ಗಿ ನೋಡಿ, ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ, ಕತ್ತರಿಸಿ ಸಾದಾ ಪೈಪು ವೆಲ್ಡಿಂಗ್ ಮಾಡಿಕೊಡುತ್ತೇನೆ, ಪಿಕಪ್ ಚಲೋ ಆಗುತ್ತದೆ, ಹಳೆಯದಕ್ಕೆ ನಾನೇ ರೊಕ್ಕ ಕೊಡುತ್ತೇನೆ ಎಂದ. ಹಳೆಯದಕ್ಕೆ ರೊಕ್ಕ ಯಾಕೆ ಕೊಡುತ್ತಾನೆ ಗೊತ್ತೇನು? ಅದರೊಳಗೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ತೂತಿರುವ ಪಿಂಗಾಣಿಯ ಇಟ್ಟಿಗೆ ಇರುತ್ತದೆ. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪವಿರುತ್ತದೆ. ಎಂಜಿನ್ನಿನಲ್ಲಿ ಅರೆಬೆಂದು ಬಂದ ಅನಿಲಗಳು ಆ ತೂತುಗಳನ್ನು ದಾಟುವಾಗ ಪೂರ್ತಿ ಸುಟ್ಟು, ಇಂಗಾಲದ ಡೈಆಕ್ಸೈಡು ಮತ್ತು ನೀರಿನ ಆವಿಯಾಗಿ ಹೊರಬೀಳುತ್ತವೆ. ಇದೊಂದು ಡಬ್ಬಿಗಾಗಿ ಈ ದೇಶದ ಪೆಟ್ರೋಲನ್ನೇ ಬದಲಾಯಿಸಿದರು. ಸೀಸ ತಗುಲಿದರೆ ಅದು ಸತ್ತುಹೋಗುತ್ತದೆ. ಹಾಗಾಗಿ 1995ರಲ್ಲಿ ದಿಲ್ಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಕನ್ವರ್ಟರ್ ಇರುವ ಹೊಸ ಕಾರುಗಳ ಜೊತೆಗೆ ಸೀಸವಿಲ್ಲದ ಪೆಟ್ರೋಲು ಬಂತು. 2000ದ ಹೊತ್ತಿಗೆ ಇಡೀ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು. ಎಂ.ಸಿ. ಮೆಹ್ತಾ ಎಂಬ ವಕೀಲರು 1985ರಿಂದ ಸುಪ್ರೀಂ ಕೋರ್ಟಿನ ಬಾಗಿಲು ಬಡಿದದ್ದು ಇದರ ಹಿಂದಿದೆ. ಒಂದು ತಲೆಮಾರಿನ ಮಕ್ಕಳ ರಕ್ತದಿಂದ ಸೀಸ ಇಳಿಸಿದ ಸಂಗತಿಯನ್ನು ಕಟರ್ ಹಿಡಿದು ಕತ್ತರಿಸಿ ಒಗೆಯುತ್ತೇನೆ ಎಂದವನ ಅಂಗಳದಲ್ಲಿ ನನಗೆ ನಿಲ್ಲಲಾಗಲಿಲ್ಲ.

ಆಮೇಲೆ ನೌಬಾದ ಕಡೆ ತಗಡಿನ ಶೆಡ್ಡಿನ ಒಬ್ಬ ಉಸ್ತಾದರ ಬಳಿ ಹೋದೆ. ವಯಸ್ಸಾದವರು, ಮಾತು ಕಡಿಮೆ. ಚೀಟಿಯನ್ನು ಕನ್ನಡಕ ಏರಿಸಿ ಪೂರ್ತಿ ಓದಿದರು. “ಸಿಓ ಇಷ್ಟ್ ಅದಂದ್ರ ಪೆಟ್ರೋಲ್ ಜಾಸ್ತಿ ಬೀಳಲತ್ತದ, ಇಲ್ಲಾ ಹವಾ ಕಮ್ಮಿ ಆಗ್ಯಾದ. ಎರಡ್ರಾಗ ಒಂದು” ಅಂದರು. ಇಷ್ಟು ನೇರವಾಗಿ ನಾನೂ ಪಾಠ ಮಾಡಿದ್ದಿಲ್ಲ. ಒಂದು ಪಾಲು ಪೆಟ್ರೋಲು ಪೂರ್ತಿ ಸುಡಲು ತೂಕದಲ್ಲಿ ಹದಿನಾಲ್ಕೂವರೆ ಪಾಲಿಗೂ ಮಿಕ್ಕಿದ ಗಾಳಿ ಬೇಕು. ಗಾಳಿ ಸಾಲದಿದ್ದರೆ ಸುಡುವುದು ಅರ್ಧಕ್ಕೆ ನಿಂತು ಕಾರ್ಬನ್ ಮೊನಾಕ್ಸೈಡು ಉಳಿಯುತ್ತದೆ.

ಏರ್ ಫಿಲ್ಟರ್ ಬಿಚ್ಚಿದಾಗ ನಮ್ಮ ಬೀದರ್ ಅದರೊಳಗೆ ಕೂತಿತ್ತು. ಕೆಂಪು ಮುರುಮಿನ ಧೂಳು. ಈ ಊರೇ ಕೆಂಪು ಜಂಬಿಟ್ಟಿಗೆಯ ಹಾಸಿನ ಮೇಲೆ ನಿಂತದ್ದು, ಬಹಮನಿಯವರು ಕೋಟೆಯ ಕಂದಕವನ್ನೂ ಅದೇ ಕಲ್ಲಿನಲ್ಲಿ ಕಡಿಸಿದ್ದು. ರಸ್ತೆ ಅಗೆದಾಗಲೆಲ್ಲ ಆ ಧೂಳು ಏಳುತ್ತದೆ. ಫಿಲ್ಟರಿನ ಮಡಿಕೆಗಳ ನಡುವೆ ಅದು ಅಂಟಿ ಗಟ್ಟಿಯಾಗಿತ್ತು. ಉಸ್ತಾದರು ನೆಲಕ್ಕೆ ತಟ್ಟಿದರೆ ಒಂದು ಮುಷ್ಟಿ ಮಣ್ಣು ಉದುರಿತು. ಮೂರು ಸಿಲಿಂಡರಿನ ಮೂರೂ ಪ್ಲಗ್ ತೆಗೆದು ಸಾಲಾಗಿ ಇಟ್ಟರು. ತುದಿ ತಿಳಿ ಕಂದು ಬಣ್ಣಕ್ಕಿರಬೇಕು, ಇವು ಮೂರೂ ಒಣ ಕಪ್ಪು. ಒಂದೇ ಕಪ್ಪಿದ್ದರೆ ಆ ಸಿಲಿಂಡರಿನ ದೋಷ, ಮೂರೂ ಒಂದೇ ಸಮ ಕಪ್ಪಿದ್ದರೆ ಎಲ್ಲಕ್ಕೂ ಸೇರಿದ ಕಾರಣ ಒಂದಿರಬೇಕು ಅಂತ ಅವರ ಲೆಕ್ಕ. ಫಿಲ್ಟರ್, ಪ್ಲಗ್, ಆಯಿಲ್ ಹೊಸದು ಹಾಕಿ ನೋಡಿದರು. ಹೈಡ್ರೋಕಾರ್ಬನ್ ಮಿತಿಯೊಳಗೆ ಬಂತು. ಕಾರ್ಬನ್ ಮೊನಾಕ್ಸೈಡು ಮಾತ್ರ ಶೇ 2ರ ಹತ್ತಿರವೇ ಹಟ ಹಿಡಿದು ಕೂತಿತು.

ಇಲ್ಲಿಗೆ ಬಂದು ಬಹಳ ಜನ ಸೋತು ಕಾಗದ ಕೊಳ್ಳುತ್ತಾರೆ ಅಂತ ಕಾಣುತ್ತದೆ. ಉಸ್ತಾದರು ಸೋಲಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದರು. ಕಣ್ಣು ರಸ್ತೆಯ ಮೇಲೆ ಎಷ್ಟಿತ್ತೋ ಟೆಂಪರೇಚರ್ ಮುಳ್ಳಿನ ಮೇಲೂ ಅಷ್ಟೇ ಇತ್ತು. ಮುಳ್ಳು ಕೆಳಗಿನ ಗೆರೆ ಬಿಟ್ಟು ಏಳಲೇ ಇಲ್ಲ. ಶೆಡ್ಡಿಗೆ ಬಂದು ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ರಬ್ಬರ್ ಪೈಪನ್ನು ಅಂಗೈಯಲ್ಲಿ ಹಿಡಿದು ನಿಂತರು. ನನ್ನ ಕೈಯನ್ನೂ ಇಡಲು ಹೇಳಿದರು. ಆ ಪೈಪು ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗಬೇಕಂತೆ. ನಮ್ಮದು ಶುರುವಿನಿಂದಲೇ ಉಗುರು ಬೆಚ್ಚಗೆ, ಹಾಗೆಯೇ ಉಳಿಯಿತು. “ಇದ್ರಾಗ ವಾಲ್ವೇ ಇಲ್ರಿ ಮೇಡಂ” ಅಂದರು. ಎರಡು ಬೋಲ್ಟು ಬಿಚ್ಚಿ ಮುಚ್ಚಳ ಎತ್ತಿದರೆ ಖರೇನೇ ಖಾಲಿ. ಥರ್ಮೋಸ್ಟೇಟ್ ಇರಬೇಕಾದ ಜಾಗದಲ್ಲಿ ಬರೀ ತುಕ್ಕಿನ ನೀರು.

ಯಾವುದೋ ಬೇಸಿಗೆಯಲ್ಲಿ ಯಾರೋ ಕಿತ್ತಿದ್ದಾರೆ, ನನಗೆ ಹೇಳಿಲ್ಲ. ನಮ್ಮ ಕಡೆ ಇದು ರೂಢಿಯಂತೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಗಾಡಿ ಹೀಟ್ ಆಗುತ್ತದೆ ಎಂದು ಬಂದವರಿಗೆ ರೇಡಿಯೇಟರ್ ತೊಳೆದು, ಫ್ಯಾನ್ ನೋಡಿ, ಕೂಲೆಂಟ್ ಬದಲಿಸುವ ಬದಲು ಆ ವಾಲ್ವನ್ನೇ ತೆಗೆದು ಕಳಿಸುತ್ತಾರೆ. ಮುಳ್ಳು ಇಳಿಯುತ್ತದೆ, ಗಿರಾಕಿ ಖುಷಿ. ಒಳಗೆ ಏನಾಗುತ್ತದೆ ನೋಡು. ನೀರು ಮೊದಲ ಕ್ಷಣದಿಂದಲೇ ರೇಡಿಯೇಟರಿಗೆ ಓಡಾಡಿ ಎಂಜಿನ್ ಬಿಸಿಯೇರುವುದೇ ಇಲ್ಲ. ನೀರಿನ ಬಿಸಿ ಅಳೆಯುವ ಸೆನ್ಸರ್, ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರಿಗೆ ಹೇಳುತ್ತಲೇ ಇರುತ್ತದೆ. ತಣ್ಣನೆಯ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕೆಂದು ಕಂಪ್ಯೂಟರು ಸುರಿಯುತ್ತಲೇ ಇರುತ್ತದೆ. ಅತ್ತ ಕನ್ವರ್ಟರಿಗೂ ಸುಮಾರು ಮುನ್ನೂರು ಡಿಗ್ರಿ ಬಿಸಿ ಹತ್ತದೆ ಕೆಲಸ ಸಾಗುವುದಿಲ್ಲ. ಅದರಲ್ಲೂ ನಾನು ಓಡಿಸುವುದು ಗಂಜಿಗೆ, ಬ್ಯಾಂಕಿಗೆ, ಪಾಪನಾಶದ ಗುಡಿಗೆ. ಎಲ್ಲ ಹತ್ತಿರದ ದಾರಿ. ಚಳಿಗಾಲದಲ್ಲಿ ಬೀದರಿನ ಥಂಡಿ ನಿನಗೆ ಗೊತ್ತೇ ಇದೆ, ರಾಜ್ಯದ ಅತಿ ಚಳಿಯ ಊರುಗಳ ಹೆಸರು ಓದುವಾಗ ನಮ್ಮದು ಇದ್ದೇ ಇರುತ್ತದೆ. ಬೇಸಿಗೆಗೆಂದು ಮಾಡಿದ ಉಪಾಯ ವರ್ಷವಿಡೀ ವಿಷ ಉಗುಳಿಸಿತು.

ಹೊಸ ಥರ್ಮೋಸ್ಟೇಟನ್ನು ಉಸ್ತಾದರು ಹಾಗೇ ಕೂಡಿಸಲಿಲ್ಲ. ಅಂಗಡಿಯಿಂದ ಬಂದದ್ದೆಲ್ಲ ಅಸಲಿ ಇರುವುದಿಲ್ಲ ಎಂದು ಸ್ಟೋವ್ ಹಚ್ಚಿ, ಒಂದು ಬೋಗುಣಿಯಲ್ಲಿ ನೀರಿಟ್ಟು, ಅದನ್ನು ತಂತಿಗೆ ಕಟ್ಟಿ ಇಳಿಬಿಟ್ಟರು. ಹಿತ್ತಾಳೆಯ ಸಣ್ಣ ಸಾಮಾನು, ಮೇಲೆ ಬಿಲ್ಲೆಯಂಥ ಮುಚ್ಚಳ, ಕೆಳಗೆ ಸ್ಪ್ರಿಂಗು. ಒಳಗೆ ಮೇಣವಿರುತ್ತದೆ. ಬಿಸಿಗೆ ಮೇಣ ಕರಗಿ ಹಿಗ್ಗಿದಾಗ ಕಡ್ಡಿಯನ್ನು ತಳ್ಳಿ ಮುಚ್ಚಳ ಎತ್ತುತ್ತದೆ. ಕರೆಂಟಿಲ್ಲ, ಕಂಪ್ಯೂಟರಿಲ್ಲ. ನೀರು ಬೋಗುಣಿಯ ಅಂಚಿನಲ್ಲಿ ಸಣ್ಣ ಗುಳ್ಳೆ ಬಿಡತೊಡಗಿದರೂ ಮುಚ್ಚಳ ಮುಚ್ಚಿಯೇ ಇತ್ತು. ಎಂಬತ್ತು ಡಿಗ್ರಿ ದಾಟುವವರೆಗೆ ಏಳಬಾರದಂತೆ. ಇನ್ನೂ ಸ್ವಲ್ಪ ಹೊತ್ತಿಗೆ, ಕುದಿ ಬರುವ ಮುಂಚೆ, ಮುಚ್ಚಳ ಅಂಚಿನಿಂದ ಕದಲಿ ಮೆಲ್ಲಗೆ ಎದ್ದು ಬೆರಳಿನ ಉಗುರಿನಷ್ಟು ಬಾಯಿ ಬಿಟ್ಟಿತು. ತಣ್ಣೀರು ಹಾಕಿದರೆ ಮತ್ತೆ ಮುಚ್ಚಿಕೊಂಡಿತು. ಕೆಲಸ ಕಲಿಯುವ ಹುಡುಗ, ಉಸ್ತಾದರು, ನಾನು, ಮೂವರೂ ಬೋಗುಣಿಯ ಸುತ್ತ ಬಗ್ಗಿ ನೋಡುತ್ತಿದ್ದೆವು. ಘನವಸ್ತು ದ್ರವವಾಗುವಾಗ ಹಿಗ್ಗುವುದನ್ನು ಇಷ್ಟು ಚೆಂದ ತೋರಿಸುವ ಸಾಮಾನು ನನ್ನ ಶಾಲೆಯ ಪ್ರಯೋಗಾಲಯದಲ್ಲಿ ಇರಲಿಲ್ಲ. ಆ ಹುಡುಗ ಹತ್ತನೇ ತರಗತಿಗೆ ಶಾಲೆ ಬಿಟ್ಟವನಂತೆ. ಮತ್ತೆ ಪರೀಕ್ಷೆ ಕಟ್ಟು, ವಿಜ್ಞಾನ ನಾನು ಹೇಳಿಕೊಡುತ್ತೇನೆ ಎಂದಿದ್ದೇನೆ. ಭಾನುವಾರ ಬರುತ್ತೇನೆ ಎಂದಿದ್ದಾನೆ, ನೋಡೋಣ.

ಥರ್ಮೋಸ್ಟೇಟ್ ಕೂತ ಮೇಲೆ ಮುಳ್ಳು ನಡುಮಧ್ಯಕ್ಕೆ ಬಂದು ನಿಂತಿತು. ಅಂಕಿ ಇಳಿಯಿತು, ಆದರೆ ಮಿತಿಯೊಳಗೆ ಬರಲಿಲ್ಲ. ಕೊನೆಗೆ ಸಿಕ್ಕದ್ದು ಆಕ್ಸಿಜನ್ ಸೆನ್ಸರ್. ಸೈಲೆನ್ಸರಿನ ದಾರಿಯಲ್ಲಿ ಕೂತು, ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೋ ಇಲ್ಲವೋ ಎಂದು ಕಂಪ್ಯೂಟರಿಗೆ ಹೇಳುವುದು ಅದೇ. ಸರಿಯಿದ್ದರೆ ಮೀಟರಿನಲ್ಲಿ 0.1ರಿಂದ 0.9 ವೋಲ್ಟಿನ ನಡುವೆ ಎಡೆಬಿಡದೆ ಏರಿಳಿಯುತ್ತಿರಬೇಕು. ನಮ್ಮದು ಮಸಿ ತಿಂದು ಜಡವಾಗಿತ್ತು. ಅದನ್ನೂ ಬದಲಿಸಿ, ಸೈಲೆನ್ಸರಿನ ಜೋಡಣೆಗೆ ಹೊಸ ಗ್ಯಾಸ್ಕೆಟ್ ಹಾಕಿದರು. ಕನ್ವರ್ಟರ್ ಒಳ್ಳೆಯದೇ ಇತ್ತು. ಅದನ್ನು ಕತ್ತರಿಸಿದ್ದರೆ ಇಡೀ ಗಾಡಿಯಲ್ಲಿ ತಪ್ಪಿಲ್ಲದ ಒಂದೇ ಭಾಗವನ್ನು ಕತ್ತರಿಸಿದಂತಾಗುತ್ತಿತ್ತು.

ಎಲ್ಲ ಸೇರಿ ಖರ್ಚು ಐದು ಸಾವಿರದ ಒಳಗೆ. ಹೊಸ ಗಾಡಿಯ ಒಂದು ತಿಂಗಳ ಕಂತಿಗೂ ಸಾಲದು.

ಟೆಸ್ಟಿಗೆ ನೇರ ಮನೆಯಿಂದ ಹೋಗಬಾರದು, ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು ಎಂದು ಉಸ್ತಾದರು ಹೇಳಿದ್ದರು. ಎಳ್ಳ ಅಮಾವಾಸ್ಯೆಗೆ ಭಾಲ್ಕಿ ಕಡೆಯ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು, ಅಂಬಲಿ ಕುಡಿದು ಬಂದ ದಿನ ದಾರಿಯಲ್ಲೇ ಪರೀಕ್ಷೆ ಮಾಡಿಸಿದೆ. ನಿನ್ನ ಪಾಲಿನ ಚರಗವನ್ನು ಕಾಕಾ ಚೆಲ್ಲಿದರು. ಹೋಗುವಾಗ ಬರುವಾಗ ಮುಳ್ಳು ಒಂದೇ ಜಾಗದಲ್ಲಿತ್ತು. ಕಾರ್ಬನ್ ಮೊನಾಕ್ಸೈಡ್ ಶೇ 0.18, ಹೈಡ್ರೋಕಾರ್ಬನ್ 130. ಬಿಎಸ್-4 ಕಾರಿಗೆ ಇಟ್ಟ 0.3, 200ರ ಮಿತಿಯೊಳಗೂ ಬರುತ್ತದೆ. ಅಂಕಿ ನೋಡಿ ನನಗೆ ಕಣ್ಣು ತುಂಬಿತು. ಅದೇ ಹುಡುಗ ಯಂತ್ರವನ್ನು ಇನ್ನೊಮ್ಮೆ ಒತ್ತಿ ನೋಡಿದ.

ಈಗ ನಿನ್ನ ಎರಡನೇ ಮಾತಿಗೆ ಬರುತ್ತೇನೆ. ದಿಲ್ಲಿ ಸುತ್ತಮುತ್ತ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ಬಂದಿರುವ ನಿರ್ಬಂಧ ನಮಗಿಲ್ಲ. ಇಲ್ಲಿ ಫಿಟ್ ಇದ್ದರೆ 15 ವರ್ಷದ ಮೇಲೆ ಐದು ವರ್ಷ ನೋಂದಣಿ ಮುಂದುವರಿಸಿಕೊಡುತ್ತಾರೆ. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600ರಿಂದ 5,000ಕ್ಕೆ ಏರಿದೆ, ಅದನ್ನೂ ಕಟ್ಟಿದ್ದೇನೆ. ನಮ್ಮ ಗಾಡಿಯ ಕಾಲದವಕ್ಕೆ ಪಿಯುಸಿ ಆರು ತಿಂಗಳಿಗೊಮ್ಮೆ, ಬಿಎಸ್-4 ಮತ್ತು ಅದರ ಮೇಲಿನವಕ್ಕೆ ವರ್ಷಕ್ಕೊಮ್ಮೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಸರಿಪಡಿಸಲಾಗದಷ್ಟು ಕೆಟ್ಟ ದಿನ ನಾನೇ ಕಳಿಸುತ್ತೇನೆ, ನೀನು ಹೇಳಬೇಕಾಗಿಲ್ಲ. ನೀನು ಶಾಲೆಗೆ ಹೋಗುವಾಗ ನಾನು ಔರಾದಿಗೆ ಬಸ್ಸಿನಲ್ಲಿ ನಿಂತು ಹೋಗಿ ಬರುತ್ತಿದ್ದೆ. ಪಿಎಫ್ ಮೇಲೆ ಸಾಲ ತೆಗೆದು ಈ ಗಾಡಿ ಕೊಂಡ ಮೇಲೆ ಮಾಂಜ್ರಾ ದಾಟಿ, ಸಂತಪೂರ ದಾಟಿ ಶಾಲೆಗೆ ಹೋಗಿ ಸಂಜೆ ಬೆಳಕಿರುವಾಗಲೇ ನಿನ್ನ ಮುಂದೆ ಇರುತ್ತಿದ್ದೆ. ಆ ಸಂಜೆಗಳನ್ನು ನನಗೆ ಕೊಟ್ಟ ಗಾಡಿಯವ್ವ ಇದು. ಡಬ್ಬಾ ಅನ್ನಬೇಡ.

ಆದರೆ ಈ ಗಾಡಿಯ ಇನ್ನೊಂದು ಕತೆ ನನ್ನನ್ನು ಕೊರೆಯುತ್ತದೆ. 2010ರ ಏಪ್ರಿಲ್‌ನಲ್ಲಿ ದೇಶದ ಹದಿಮೂರು ದೊಡ್ಡ ನಗರಗಳಿಗೆ ಬಿಎಸ್-4 ಬಂತು. ಬೆಂಗಳೂರು, ನೀನಿರುವ ಹೈದರಾಬಾದು ಅದರಲ್ಲಿದ್ದವು. ಅಂದಿನಿಂದ ಅಲ್ಲಿ ಮಾರುತಿ 800 ಮಾರುವುದು ನಿಂತಿತು. ಬೀದರಿನಂಥ ಊರುಗಳಲ್ಲಿ ಮಾರುತ್ತಲೇ ಇದ್ದರು, 2014ರ ಜನವರಿಯಲ್ಲಿ ತಯಾರಿಕೆಯೇ ನಿಲ್ಲುವವರೆಗೆ. ಇಡೀ ದೇಶಕ್ಕೆ ಬಿಎಸ್-4 ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಲವು ವರ್ಷ ಹೈದರಾಬಾದಿನ ಕೂಸಿನ ಶ್ವಾಸಕ್ಕೊಂದು ನಿಯಮ, ನೂರೈವತ್ತು ಕಿಲೋಮೀಟರಿನ ಒಳಗಿರುವ ಬೀದರಿನ ಕೂಸಿನ ಶ್ವಾಸಕ್ಕೆ ಇನ್ನೊಂದು. ಶುದ್ಧ ಇಂಧನ ಎಲ್ಲ ಕಡೆ ಒಮ್ಮೆಲೇ ಸಿಗುತ್ತಿರಲಿಲ್ಲ ಎಂಬ ಕಾರಣ ಇತ್ತು, ಒಪ್ಪುತ್ತೇನೆ. ಆದರೂ ಹಿಂದುಳಿದ ಜಿಲ್ಲೆ ಎಂದರೆ ಗಾಳಿಯಲ್ಲೂ ಹಿಂದೆ ಇರಬೇಕೆ? ಆ ಅಂತರ ಮುಗಿಯಿತು. 2020ರಲ್ಲಿ ಬಿಎಸ್-6 ಎಲ್ಲರಿಗೂ ಒಂದೇ ದಿನ ಬಂತು. ಈಗ ನಮ್ಮ ಗಾಳಿಯನ್ನು ನಾವೇ ಕಾಗದದ ಮೇಲೆ ಇನ್ನೂರು ರೂಪಾಯಿಗೆ ಮಾರಿಕೊಂಡರೆ ದಿಲ್ಲಿಯವರನ್ನು, ಬೆಂಗಳೂರಿನವರನ್ನು ಬೈದು ಏನು ಉಪಯೋಗ?

ಟಂಟಂ, ಕಬ್ಬಿನ ಟ್ರಾಕ್ಟರು ಕರಿ ಹೊಗೆ ಬಿಟ್ಟುಕೊಂಡು ಹೋಗುವಾಗ ನಿನ್ನೊಬ್ಬಳ ಕಾರಿನಿಂದ ಏನಾಗುತ್ತದೆ ಎಂದು ಕಾಕಾ ಕೇಳಿದರು. ಅವರದೂ ಕೆಎ-39 ನಂಬರಿನ ಹಳೆ ಡೀಸೆಲ್ ಜೀಪು. ವಾದ ಮಾಡಲಿಲ್ಲ, ಉಸ್ತಾದರ ಶೆಡ್ಡಿಗೆ ಕರೆದುಕೊಂಡು ಹೋದೆ. ಇಂಜೆಕ್ಟರ್ ಬಿಚ್ಚಿಸಿದ್ದಾರೆ.

ಇನ್ನೊಂದು ಎಚ್ಚರ ಉಳಿದಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ನಮ್ಮ ಜಿಲ್ಲೆಯ ಕಬ್ಬಿಗೆ ಅದರಿಂದ ಬೆಲೆ ಬಂದರೆ ನನಗೂ ಸಂತೋಷವೇ. ಆದರೆ 2009ರ ಗಾಡಿಯ ರಬ್ಬರುಗಳು ಅದಕ್ಕೆಂದು ಮಾಡಿದವಲ್ಲ. ಪೆಟ್ರೋಲ್ ಪೈಪುಗಳನ್ನು ಉಸ್ತಾದರು ಒಂದೊಂದಾಗಿ ಹಿಚುಕಿ ನೋಡಿ, ಬಿರುಕು ಬಿಟ್ಟವನ್ನು ಬದಲಿಸಿದ್ದಾರೆ. ಬೇಸಿಗೆಗೆ ಮುಂಚೆ ರೇಡಿಯೇಟರ್ ತೊಳೆಸಿಕೊಂಡು ಹೋಗಲು ಹೇಳಿದ್ದಾರೆ. ವಾಲ್ವ್ ತೆಗೆಯಲು ಯಾರು ಬಂದರೂ ಬಿಡಬೇಡಿ ಎಂದೂ ಹೇಳಿದ್ದಾರೆ.

ನಿನ್ನ ಗಂಡನಿಗೆ ಹೇಳು, ಅವರ ಬೈಕಿನದೂ ಒಮ್ಮೆ ಖರೇ ಪರೀಕ್ಷೆ ಮಾಡಿಸಲಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಗಾಡಿ ಚಾಲೂ ಇಟ್ಟುಕೊಂಡು ಎಸಿ ಹಾಕಿ ಕೂಡಬೇಡ, ಯಾರೇ ಕಾಯುತ್ತಿರಲಿ. ಬರುವಾಗ ರೈಲಿನಲ್ಲೇ ಬನ್ನಿ, ಕುಲುಕಾಟ ಕಡಿಮೆ. ಸ್ಟೇಷನ್ನಿಗೆ ನಾನೇ ಗಾಡಿ ತರುತ್ತೇನೆ, ಹಿಂದಿನ ಸೀಟಿಗೆ ದಿಂಬು ಹಾಕಿಸಿದ್ದೇನೆ. ಕುಬಸದ ದಿನವನ್ನು ಏಳನೇ ತಿಂಗಳಲ್ಲೇ ಇಟ್ಟುಕೊಳ್ಳೋಣ ಎಂದು ನಿಮ್ಮ ಅತ್ತೆಯವರೂ ಒಪ್ಪಿದ್ದಾರೆ. ಹಸಿರು ಬಳೆಯ ಅಳತೆ ಬರೆದು ಕಳಿಸು. ಕೈ ಬಾವು ಬಂದಿದ್ದರೆ ಒಂದು ಅಳತೆ ದೊಡ್ಡದನ್ನೇ ಹೇಳು, ಚೌಬಾರದ ಬಳೆಗಾರರಿಗೆ ಮೊದಲೇ ತಿಳಿಸಿಡಬೇಕು.

ನಿನ್ನ ಅವ್ವ